ದಿಮ್ಮಿಗೆ ತಕ್ಕ ಗರಗಸ

ಕೆಲವರಿಗೆ ಕಾರಿನ ಹುಚ್ಚು, ಕೆಲವರಿಗೆ ಕ್ಯಾಮೆರಾದ ಹುಚ್ಚು. ನನ್ನದು ಚೈನ್ ಸಾ ಹುಚ್ಚು. ಮಲೆನಾಡಿನಲ್ಲಿ ತೋಟ ಇಟ್ಟುಕೊಂಡವನಿಗೆ ಇದು ಅಂಟುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಆಷಾಢದ ಗಾಳಿ ಪ್ರತಿ ಮಳೆಗಾಲದಲ್ಲೂ ಯಾವುದಾದರೊಂದು ಮರವನ್ನು ಬುಡಸಮೇತ ಮಲಗಿಸುತ್ತದೆ. ಒಮ್ಮೆ ಮಾವು, ಒಮ್ಮೆ ಹಲಸು, ಮತ್ತೊಮ್ಮೆ ದಾರಿಗೆ ಅಡ್ಡವಾಗಿ ಸಿಲ್ವರ್ ಓಕ್. ಮನೆಯವರಿಗೆ ಮುರಿದ ಬೇಲಿ, ಜಜ್ಜಿಹೋದ ಅಡಿಕೆ ಸಸಿ ಕಾಣುತ್ತವೆ. ನನಗೆ ಮೊದಲು ಕಾಣುವುದು ಬುಡದ ದಪ್ಪ. ಇದಕ್ಕೆ ಯಾವ ಮಷಿನ್ನು ಸರಿಹೋದೀತು ಎಂದು ಅಲ್ಲಿ ನಿಂತೇ ಲೆಕ್ಕ ಶುರುವಾಗುತ್ತದೆ.

‘ಎಷ್ಟು ಇಂಚಿನ ಬಾರ್ ಬೇಕು ಸಾರ್?’ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಬಾರ್ ಎಂದರೆ ಚೈನು ಸುತ್ತಿ ಓಡುವ ಪಟ್ಟಿ. ಗಿರಾಕಿಯೂ ಎರಡು ಕೈ ಅಗಲಿಸಿ ಉದ್ದ ತೋರಿಸುತ್ತಾನೆ. ವ್ಯಾಪಾರ ಹಾದಿ ತಪ್ಪುವುದು ಅಲ್ಲಿಂದಲೇ. ಬಾರ್ ಉದ್ದವಾದಷ್ಟೂ ಒಂದೇ ಹೊತ್ತಿಗೆ ಮರದೊಳಗೆ ಕಚ್ಚಿಕೊಂಡಿರುವ ಹಲ್ಲುಗಳು ಹೆಚ್ಚು. ಅಷ್ಟನ್ನೂ ಎಳೆಯಬೇಕಾದದ್ದು ಎಂಜಿನ್ನು. 45 ಸಿಸಿ ಮಷಿನ್ನಿಗೆ 25 ಇಂಚಿನ ಬಾರ್ ಸಿಕ್ಕಿಸುವುದೆಂದರೆ ಕರುವಿನ ಹೆಗಲಿಗೆ ಎತ್ತಿನಗಾಡಿಯ ನೊಗ ಇಟ್ಟ ಹಾಗೆ. ಕ್ಲಚ್ಚು ಜಾರಿ ಕಾಯುತ್ತದೆ, ಚೈನು ನಿಂತುನಿಂತು ಓಡುತ್ತದೆ, ದಿಮ್ಮಿ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ.

ಹಾಗಾಗಿ ಅಂಗಡಿಗಿಂತ ಮೊದಲು ಟೇಪು ಹಿಡಿದು ಮರದ ಬಳಿಗೆ ಹೋಗಬೇಕು. ಸುತ್ತಳತೆ ತೆಗೆದು ಮೂರರಿಂದ ಭಾಗಿಸಿದರೆ ಅಡ್ಡಳತೆಯ ಅಂದಾಜು ಸಿಕ್ಕಿತು. ಆರು ಅಡಿ ಸುತ್ತಳತೆಯ ಹಲಸೆಂದರೆ ಎರಡಡಿಯ ಆಸುಪಾಸು. ಒಂದೇ ಬದಿಯಿಂದ ಕೊಯ್ದು ಮುಗಿಸುತ್ತೇನೆ ಎನ್ನುವವನಿಗೆ ಅದಕ್ಕಿಂತ ಒಂದೆರಡು ಇಂಚು ಉದ್ದದ ಬಾರ್ ಬೇಕು. ಆ ಬದಿಯಿಂದ ಅರ್ಧ, ಈ ಬದಿಯಿಂದ ಅರ್ಧ ಕೊಯ್ಯಬಲ್ಲವನಿಗೆ 18 ಇಂಚೇ ಧಾರಾಳ. ಆಮೇಲೆ ಎಂಜಿನ್ನಿನ ದಮ್ಮಿನ ಮಾತು. ಗೆಲ್ಲು ಸವರಲು 30-35 ಸಿಸಿ ಸಾಕು. ಸೌದೆಗೆ 45-50. ಎರಡಡಿ ದಪ್ಪದ ಗಟ್ಟಿ ಮರವೆಂದರೆ 60ರಿಂದ 70 ಸಿಸಿ ಬೇಕೇ ಬೇಕು. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ತೆಗೆಯುವ ಆಸೆಯಿದ್ದರೆ 90 ಸಿಸಿಯ ಕಡೆ ನೋಡಬೇಕು. ಅಡ್ಡ ಕೊಯ್ದರೆ ನಿಮಿಷದಲ್ಲಿ ಕೆಲಸ ಮುಗಿದು ಮಷಿನ್ನಿಗೆ ಬಿಡುವು ಸಿಗುತ್ತದೆ. ಸೀಳುವಾಗ ಆ ಸುಖ ಇಲ್ಲ, ಹಲಗೆಯ ಕೊನೆ ಮುಟ್ಟುವವರೆಗೆ ಪೂರ್ತಿ ಹೊರೆ ಹೊತ್ತೇ ಓಡಬೇಕು.

ಹಿಂದೆ ಇದೇ ಕೆಲಸಕ್ಕೆ ಗರಗಸದವರು ಬರುತ್ತಿದ್ದರು. ದಿಮ್ಮಿಯನ್ನು ಅಟ್ಟಣೆಗೆ ಏರಿಸಿ, ಒಬ್ಬ ಮೇಲೆ ನಿಂತು, ಒಬ್ಬ ಕೆಳಗೆ ನಿಂತು ಎಳೆಯುವುದು. ಕೆಳಗಿನವನ ಕಣ್ಣಿಗೆ, ಕುತ್ತಿಗೆಗೆ ದಿನವಿಡೀ ಮರದ ಹೊಟ್ಟಿನ ಅಭಿಷೇಕ. ಮಷಿನ್ನು ಬಂದ ಕೂಡಲೇ ಈ ಜೋಡಿ ಮುರಿಯಲಿಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ಹೊರತಂದ ಪೆಟ್ರೋಲ್ ಗರಗಸ 46 ಕಿಲೋ ತೂಗುತ್ತಿತ್ತು. ಅದನ್ನು ಹಿಡಿಯಲೂ ಇಬ್ಬರು ಬೇಕಾಗಿತ್ತು. ಇವತ್ತು 70 ಸಿಸಿಯ ಮಷಿನ್ನು, ಬಾರ್ ಮತ್ತು ಪೆಟ್ರೋಲ್ ಬಿಟ್ಟರೆ, ಆರೇಳು ಕಿಲೋ. ಆದರೂ ಕೊಳ್ಳುವ ಮುಂಚೆ ಬಾರ್ ಜೋಡಿಸಿಸಿ, ಮುಂದಿನ ಹಿಡಿಕೆಯಲ್ಲಿ ಎತ್ತಿ ನೋಡದೆ ನಾನು ಬಿಡುವುದಿಲ್ಲ. ಮೂತಿ ನೆಲಕ್ಕೆ ಬಾಗಿದರೆ ಸಂಜೆಯ ಹೊತ್ತಿಗೆ ಸೊಂಟ ಅದರ ಲೆಕ್ಕ ಒಪ್ಪಿಸುತ್ತದೆ. ಚೈನ್ ಬ್ರೇಕಿನ ಹಿಡಿಯನ್ನೂ ಟಕ್ ಎಂದು ಮುಂದೆ ತಳ್ಳಿ ನೋಡುತ್ತೇನೆ. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಷಿನ್ನು ಮುಖದತ್ತ ಎಗರುತ್ತದೆ. ಆಗ ಕಾಯುವುದು ಆ ಬ್ರೇಕು.

ಇಷ್ಟೆಲ್ಲ ಅಳೆದು ಸುರಿದು ತಂದ ಮೇಲೂ ಮರ ಕೊಯ್ಯುವುದು ಚೈನಿನ ಹಲ್ಲೇ. ಅಮೆರಿಕದ ಓರೆಗಾನ್ ಕಾಡುಗಳಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಒಂದು ಹುಳ ಮರ ಕೊರೆಯುವುದನ್ನು ನೋಡುತ್ತ ಕೂತ. ಅದು ನಾರಿಗೆ ಅಡ್ಡವಾಗಲಿ ಉದ್ದವಾಗಲಿ, ಎಡ ಬಲ ದವಡೆಗಳಿಂದ ಮರವನ್ನು ಸುಲಭವಾಗಿ ಕೆರೆಯುತ್ತ ಸಾಗುತ್ತಿತ್ತು. ಆ ದವಡೆಯ ಬಾಗನ್ನೇ ಉಕ್ಕಿಗೆ ಇಳಿಸಿ ಮರುವರ್ಷ ಹೊಸ ಚೈನು ಮಾಡಿದ. ಇಂದಿನ ಚೈನುಗಳ ಹಲ್ಲಿಗೆ ಮೂಲ ಅದೇ.

ನನ್ನ ಹುಚ್ಚಿನ ಸವಿಯೆಲ್ಲ ಇರುವುದು ಈ ಹಲ್ಲು ಮಸೆಯುವುದರಲ್ಲಿ. ಬಾರನ್ನು ಮೋಟಿನ ಸೀಳಿಗೆ ಸಿಕ್ಕಿಸಿ, ದುಂಡು ಅರವನ್ನು ಹಲ್ಲಿನ ಬಾಗಿಗೆ ಕೂರಿಸಿ, ಒಳಗಿನಿಂದ ಹೊರಕ್ಕೆ ತಳ್ಳುವುದು. ವಾಪಸು ತರುವಾಗ ಅರವನ್ನು ಎತ್ತಿಕೊಳ್ಳಬೇಕು. ಉಜ್ಜಿಕೊಂಡು ತಂದರೆ ಅರವೇ ಸಾಯುತ್ತದೆ. ಅಡ್ಡ ಕೊಯ್ಯುವ ಹಲ್ಲಿಗೆ ಸುಮಾರು 30 ಡಿಗ್ರಿ ಓರೆ, ಸೀಳುವ ಚೈನಿಗೆ 10 ಡಿಗ್ರಿ. ಒಂದು ಬದಿಯ ಹಲ್ಲು ಮುಗಿಸಿ ಇನ್ನೊಂದು ಬದಿಗೆ ತಿರುಗುವುದು. ಎರಡೂ ಬದಿ ಒಂದೇ ಸಮ ಇಲ್ಲದಿದ್ದರೆ ಕೊಯ್ತ ದಿಮ್ಮಿಯೊಳಗೆ ಸೊಟ್ಟಗೆ ಹೊರಳುತ್ತದೆ. ಮೊದಲು ಕರಕರ ಅನ್ನುವ ಅರ ಧಾರೆ ಬರುತ್ತಿದ್ದಂತೆ ನುಣುಪಾಗಿ ಸುಯ್ಯೆನ್ನುತ್ತದೆ, ಅಂಚಿನ ಬಿಳಿ ಮಿಂಚು ಮಾಯವಾಗುತ್ತದೆ.

ಆಮೇಲೆ ಮಷಿನ್ನು ಶುರುಮಾಡಿ, ಬಾರಿನ ಮೂತಿಯನ್ನು ಕೊಯ್ದ ಮೋಟಿನ ಬಿಳುಪಿನ ಕಡೆ ಹಿಡಿದು ರೇಸ್ ಕೊಡುತ್ತೇನೆ. ಅಲ್ಲಿ ಎಣ್ಣೆಯ ಸಣ್ಣ ಗೆರೆ ಬಿದ್ದರೆ ಚೈನಿಗೆ ಎಣ್ಣೆ ಇಳಿಯುತ್ತಿದೆ ಎಂದು ಅರ್ಥ. ದಿಮ್ಮಿಗೆ ಮೆತ್ತಿದ ಮಣ್ಣನ್ನು ಕತ್ತಿಯಿಂದ ಕೆರೆದು ತೆಗೆದು ಬಾರ್ ಇಟ್ಟರೆ ಹಲಸಿನ ಹಳದಿ ಚಕ್ಕೆಗಳು ಕಾಲಬುಡದಲ್ಲಿ ರಾಶಿ ಬೀಳುತ್ತವೆ. ಚಕ್ಕೆ ಹೋಗಿ ಹಿಟ್ಟು ಬೀಳತೊಡಗಿತೋ, ಹಲ್ಲು ಮೊಂಡಾಯಿತು. ಆಗ ಮೈಭಾರ ಹಾಕಿ ಒತ್ತುವವರನ್ನು ಕಂಡರೆ ನನಗೆ ಮಷಿನ್ನಿನ ಮೇಲೆ ಕನಿಕರ.

ಆದ್ದರಿಂದ, ‘ದೊಡ್ಡ ದಿಮ್ಮಿಗೆ ಯಾವುದು ತಗೊಳ್ಳಲಿ ಮಾರಾಯ್ರೇ?’ ಎಂದು ಕೇಳಿ ಬಂದವರಿಗೆ ನನ್ನ ಉತ್ತರ ಸ್ವಲ್ಪ ಉದ್ದ. ಮರ ಅಳೆಯಿರಿ, ಸಿಸಿ ನೋಡಿ, ಬಾರನ್ನು ಕೊನೆಗೆ ನೋಡಿ. ಚೈನಿನ ಕೊಂಡಿಯ ಅಳತೆ .325 ಇಂಚಾದರೆ 4.8 ಮಿ.ಮೀ. ಅರ, ದೊಡ್ಡ ಚೈನಾದರೆ ಅದಕ್ಕೆ ಹೊಂದುವ ದಪ್ಪ ಅರ, ಎರಡೆರಡು ಬಿಲ್ಲಿಗೆ ಸೇರಿಸಿ. ದುಡ್ಡು ಸಾಲದಿದ್ದರೆ ಬಾರಿನಲ್ಲಿ ಎರಡಿಂಚು ಕಡಿಮೆ ಮಾಡಿಕೊಳ್ಳಿ, ಅರ ಮಾತ್ರ ಬಿಟ್ಟುಬರಬೇಡಿ.