ನೋವಿಗೂ ಒಂದು ಕಿರ್ದಿ



ಸ್ತನ ಕ್ಯಾನ್ಸರ್ ಎಂಬ ಮಾತನ್ನು ನಮ್ಮ ವ್ಯಾಪಾರಸ್ಥ ಮನೆಗಳಲ್ಲಿ ಇಂದಿಗೂ ಪಿಸುದನಿಯಲ್ಲೇ ಆಡುತ್ತೇವೆ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಿಮೋಥೆರಪಿಯ ದಿನಗಳಲ್ಲಿ ಮೈಕೈ ಹಿಡಿದುಕೊಳ್ಳುವ ನೋವಿನ ಸುದ್ದಿ ಮಾತ್ರ ನಮ್ಮ ಕಿವಿಗೆ ಬಿದ್ದಿರಲಿಲ್ಲ. 2023ರಲ್ಲಿ ನಮ್ಮ ತಾಯಿಯವರಿಗೆ ಚಿಕಿತ್ಸೆ ನಡೆದಾಗ ನಾವು, ಅಂದರೆ ಅಂಚೆಟ್ಟಿಯ ಅಂಗಡಿಮನೆಯ ಇಬ್ಬರು ಗಂಡುಮಕ್ಕಳು ಮತ್ತು ಇಬ್ಬರು ಸೊಸೆಯರು, ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೊಸೂರು ಸೀಮೆಯವರಿಗೆ ದೊಡ್ಡ ಕಾಯಿಲೆ ಎಂದರೆ ಬೆಂಗಳೂರೇ ದಾರಿ. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯೂ ಹೊಸೂರು ರಸ್ತೆಯ ಮೇಲೆಯೇ ಇದೆ. ನಾವೂ ಬೆಂಗಳೂರಿಗೇ ಹೋದೆವು. ಮೊದಲು ಶಸ್ತ್ರಚಿಕಿತ್ಸೆ, ನಂತರ ಕೆಂಪು ಬಣ್ಣದ ಔಷಧ ನಾಲ್ಕು ಸಲ. ಅದರಲ್ಲಿ ವಾಕರಿಕೆ, ಸುಸ್ತು. ಅದಾದ ಮೇಲೆ ಮೂರು ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಶುರುವಾಯಿತು. "ಇದರಲ್ಲಿ ಪ್ರಾಣಿಯದೇನಾದರೂ ಇದೆಯೇ?" ಎಂದು ತಾಯಿಯವರು ಮೊದಲೇ ಕೇಳಿದರು. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ಸಿಕ್ಕ ಔಷಧ ಅದು. ನೀರಿನಲ್ಲಿ ಕರಗದ ಕಾರಣ ಅದನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸುತ್ತಾರೆ. ಹರಳು ಕೊಂಡು ಮಾರಿದ ಮನೆಯವರಾದ ನಮಗೆ ಇದೊಂದು ಸೋಜಿಗ. ಆ ದ್ರಾವಕ ಕೆಲವರ ಮೈಗೆ ಒಗ್ಗುವುದಿಲ್ಲವೆಂದೇ ಡ್ರಿಪ್ಪಿಗೆ ಮುಂಚೆ ಸ್ಟೀರಾಯ್ಡ್ ಕೊಡುತ್ತಾರೆ.

ಮಂಗಳವಾರ ಡ್ರಿಪ್ ಹಾಕಿಸಿಕೊಂಡು ಬಂದರೆ ಬುಧವಾರ ತಾಯಿಯವರು ಅಡಿಗೆಮನೆಗೂ ಬರುತ್ತಿದ್ದರು. ಅದು ಸ್ಟೀರಾಯ್ಡಿನ ಬಲ. ಗುರುವಾರ ಸಂಜೆಗೆ ತೊಡೆ, ಮಂಡಿ, ಕಣಕಾಲು ಒನಕೆಯಿಂದ ಕುಟ್ಟಿದ ಹಾಗೆ ನೋವು. ಕುಳಿತರೆ ಏಳಲಾಗದು, ಎದ್ದರೆ ಮೊದಲ ನಾಲ್ಕು ಹೆಜ್ಜೆ ಇಡಲಾಗದು. ಅವರು ಬಾಯಿ ಬಿಡಲಿಲ್ಲ. "ಸಹಿಸಿದರೆ ಕರ್ಮ ನಿರ್ಜರೆಯಾಗುತ್ತದೆ ಕಣಪ್ಪಾ" ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆಯೇ ಇತ್ತು. ನೋಡಲು ಬಂದ ಹೆಂಗಸೊಬ್ಬರು "ಕಾಯಿಲೆ ಮೂಳೆಗೆ ಇಳಿದರೆ ಹೀಗೇ ಆಗುವುದು" ಎಂದು ಅವರ ಕಿವಿಯಲ್ಲಿ ಹೇಳಿ ಹೋಗಿದ್ದರು. ಎರಡನೆಯ ಡ್ರಿಪ್ ಆದ ಮೇಲೆ, ನಡುರಾತ್ರಿಯಲ್ಲಿ, ದೊಡ್ಡ ಸೊಸೆಯ ಕೈ ಹಿಡಿದು, "ಮೂಳೆಗೇ ಬಂದ ಮೇಲೆ ಇದೆಲ್ಲ ಯಾಕಮ್ಮ, ದುಡ್ಡು ದಂಡ. ಇನ್ನು ಆಸ್ಪತ್ರೆ ಬೇಡ" ಎಂದುಬಿಟ್ಟರು.

ನಿರ್ಜರೆಯ ಮಾತನ್ನು ಅಲ್ಲಗಳೆಯುವಷ್ಟು ದೊಡ್ಡವರು ನಾವಲ್ಲ. ಆದರೆ ವೈದ್ಯರ ಮುಂದೆ ಹೇಳದ ನೋವು ತಪಸ್ಸಾಗುತ್ತದೆಂದು ನಮಗೆ ಅನ್ನಿಸಲಿಲ್ಲ. ನಮ್ಮ ಕೈಗೆ ಬರುವ ವಿದ್ಯೆ ಲೆಕ್ಕ ಬರೆಯುವುದೊಂದೇ. ಅಂಗಡಿಯ ಹೊಸ ಕಿರ್ದಿ ಪುಸ್ತಕ ತೆಗೆದು, ನೋವು ಎಲ್ಲಿ, ಎಷ್ಟು ಹೊತ್ತಿಗೆ, ಹತ್ತಕ್ಕೆ ಎಷ್ಟು ಆಣೆ, ಏನು ಮಾಡಿದಾಗ ಇಳಿಯಿತು ಎಂದು ದಿನವೂ ಬರೆದೆವು. (ಹತ್ತಕ್ಕೆ ಆಣೆಯ ಲೆಕ್ಕವೇ ಎಂದು ತಾಯಿಯವರು ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.) ಎರಡೂ ಸಲದ ಲೆಕ್ಕ ಎದುರುಬದುರು ಇಟ್ಟಾಗ ವಿಷಯ ತಿಳಿಯಾಯಿತು. ಗುರುವಾರ ಏರಿ, ಶನಿವಾರ ತುತ್ತತುದಿಗೆ ಹೋಗಿ, ಮುಂದಿನ ಮಂಗಳವಾರದ ಹೊತ್ತಿಗೆ ಇಳಿಯುತ್ತಿತ್ತು.

ವೈದ್ಯರು ಆ ಪುಸ್ತಕ ಪೂರ್ತಿ ಓದಿದರು. "ಮೂಳೆಗೆ ಇಳಿದ ಕಾಯಿಲೆ ಹೀಗೆ ವಾರ ನೋಡಿಕೊಂಡು ಬಂದು ಹೋಗುವುದಿಲ್ಲ ಅಮ್ಮ. ಇದು ಔಷಧದ ನೋವು" ಎಂದು ತಾಯಿಯವರಿಗೇ ನೇರವಾಗಿ ಹೇಳಿದರು. ಬಿಳಿ ರಕ್ತಕಣ ಹೆಚ್ಚಿಸಲು ಹಾಕಿದ ಚುಚ್ಚುಮದ್ದಿನ ನೋವೂ ಬೇರೆ ಬಗೆಯದಂತೆ. ಅದು ಮಜ್ಜೆ ಹೆಚ್ಚಾಗಿರುವ ಸೊಂಟ, ಎದೆಮೂಳೆಗಳಲ್ಲಿ ಬರುತ್ತದೆ. ಒಂದೇ ಜಾಗದಲ್ಲಿ ನಿಂತು, ಇಳಿಯದೆ ದಿನೇ ದಿನೇ ಹೆಚ್ಚುವ ನೋವಾದರೆ ತಡಮಾಡದೆ ಬಂದು ತೋರಿಸಿ ಎಂದರು. ಉಳಿದಿದ್ದ ಎರಡು ದೊಡ್ಡ ಡ್ರಿಪ್ಪುಗಳ ಬದಲು ವಾರಕ್ಕೊಂದರಂತೆ ಆರು ಸಣ್ಣ ಡ್ರಿಪ್ ಬರೆದುಕೊಟ್ಟರು. ಡೆಂಕಣಿಕೋಟೆಯ ಕಡೆಗಿನ ಕಾಡಿನ ತಿರುವುಗಳಲ್ಲಿ, ಆನೆ ಅಡ್ಡ ಬರುವ ದಾರಿಯಲ್ಲಿ, ವಾರವಾರವೂ ಓಡಾಡುವುದು ಹಗುರವಲ್ಲ. ಆರು ದಿನ ಅಂಗಡಿಯ ಒಂದು ಬಾಗಿಲು ಮುಚ್ಚಿತ್ತು. ನೋವು ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯಿತು.

ರಾತ್ರಿಯ ಮಾತ್ರೆಯ ಪ್ರಶ್ನೆ ದೊಡ್ಡದಾಗಿತ್ತು. ಅನೇಕ ಮನೆಗಳಲ್ಲಿ ನೀರು, ಔಷಧಕ್ಕೆ ವಿನಾಯಿತಿ ಇಟ್ಟುಕೊಂಡೇ ರಾತ್ರಿಯ ನಿಯಮ ತೆಗೆದುಕೊಳ್ಳುತ್ತಾರೆ. ನಮ್ಮ ತಾಯಿಯವರದು ಕಟ್ಟುನಿಟ್ಟು, ಸೂರ್ಯಾಸ್ತದ ಮೇಲೆ ಏನೂ ಇಲ್ಲ. ನೋವು ಏರುತ್ತಿದ್ದುದೋ ರಾತ್ರಿ ಎರಡಕ್ಕೆ. ಇದನ್ನೂ ಸಂಕೋಚಪಡದೆ ಹೇಳಿದೆವು. ಎಂಟು ಗಂಟೆ ಕಾಲ ನಿಧಾನವಾಗಿ ಕರಗುವ ಪ್ಯಾರಸಿಟಮಾಲ್ ಮಾತ್ರೆಯನ್ನು ಸಂಜೆಯ ಊಟದ ಜೊತೆಗೇ ಕೊಡುವಂತೆ ಏರ್ಪಾಟಾಯಿತು. ಚಿಕಿತ್ಸೆ ಮುಗಿಯುವವರೆಗೆ ಉಪವಾಸ ಬೇಡವೆಂದರು. ದಶಲಕ್ಷಣದಲ್ಲಿ ಅವರು ಅತ್ತುಬಿಟ್ಟರು, ಆದರೆ ಊಟ ಮಾಡಿದರು.

ಮಾತ್ರೆಗೆ ಮುಂಚೆ ಥರ್ಮಾಮೀಟರ್ ಇಟ್ಟು ನೋಡಲೇಬೇಕು. ಪ್ಯಾರಸಿಟಮಾಲ್ ಜ್ವರವನ್ನು ಮುಚ್ಚಿಹಾಕುತ್ತದೆ. ಕಿಮೋ ದಿನಗಳಲ್ಲಿ 100.4 ಡಿಗ್ರಿ ಮುಟ್ಟಿದರೆ ಮನೆಮದ್ದಿಗೆ ಕೂರದೆ ಆಸ್ಪತ್ರೆಗೆ ಫೋನು ಮಾಡಬೇಕು. ಊರಿನಲ್ಲಿ ಕೇಳಿದೊಡನೆ ಹಾಕುವ ಡೈಕ್ಲೋಫೆನಾಕ್ ಸೂಜಿಯನ್ನು ಕಿಮೋ ವೈದ್ಯರನ್ನು ಕೇಳದೆ ಹಾಕಿಸಬಾರದು. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ರಕ್ತಸ್ರಾವಕ್ಕೆ ದಾರಿಯಾದೀತು, ಮೂತ್ರಪಿಂಡಕ್ಕೂ ಹೊರೆ. ಬಂಧುಗಳು ಕಳಿಸಿದ ಕಷಾಯ, ಲೇಹ್ಯಗಳನ್ನೂ ತೋರಿಸಿ ಕೇಳಿದ ಮೇಲೆಯೇ ನಿರ್ಧರಿಸಿದೆವು.

ಉಳಿದಂತೆ ಅವರಿಗೆ ಹಿತವಾದದ್ದು ಸಣ್ಣಪುಟ್ಟ ಸಂಗತಿಗಳು. ಬೆಳಗಿನ ಹೊತ್ತು ಹತ್ತು ನಿಮಿಷ ಅಂಗಡಿಯ ಜಗಲಿಯ ಉದ್ದಕ್ಕೂ ನಡಿಗೆ. ಮಲಗಿದಷ್ಟೂ ಕೀಲು ಬಿಗಿಯುತ್ತದೆ. ತೊಡೆಗೆ ಬಿಸಿನೀರಿನ ಚೀಲ. ಪಾದ, ಬೆರಳು ಜೋಮು ಹಿಡಿದಿರುವುದರಿಂದ ಅವರಿಗೆ ಬಿಸಿ ತಿಳಿಯದು, ಆದ್ದರಿಂದ ಸೊಸೆಯರೇ ಮುಟ್ಟಿ ನೋಡಿ ಕೊಡುತ್ತಿದ್ದರು. ಸಾಮಾಯಿಕ ಕುರ್ಚಿಯ ಮೇಲೆ. ನೆಲದ ಮೇಲೆ ಕೂರದ ಸಾಮಾಯಿಕವೂ ಸಾಮಾಯಿಕವೇ ಎಂದು ಒಪ್ಪಿಸಲು ನಮಗೆ ಎರಡು ವಾರ ಹಿಡಿಯಿತು!

ಶಸ್ತ್ರಚಿಕಿತ್ಸೆಯಾದ ಕಡೆಯ ಭುಜದ ಬಿಗಿತಕ್ಕೆ ಮಾತ್ರ ಬೇರೆಯ ಅಭ್ಯಾಸ ಬೇಕಾಯಿತು. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಫಿಸಿಯೋಥೆರಪಿಯನ್ನೂ ಮನೆ ಬಾಗಿಲಿಗೆ ತರುತ್ತಾರೆ. ಆಸುಪಾಸಿನ ನಮ್ಮವರಿಗೆ ಇದು ತಿಳಿದಿದ್ದರೆ ಒಳ್ಳೆಯದು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುವ ಅಭ್ಯಾಸವನ್ನು ತಾಯಿಯವರು ಕಲಿತರು. ತಲುಪಿದ ಎತ್ತರಕ್ಕೆ ಮೊಮ್ಮಗ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಮೊದಲ ಗೆರೆ ಹುಣಿಸೆ ಮೂಟೆಯ ಮಟ್ಟದಲ್ಲಿದೆ, ಕೊನೆಯದು ಕ್ಯಾಲೆಂಡರಿನ ಮೊಳೆಯ ಪಕ್ಕದಲ್ಲಿ.

ಡ್ರಿಪ್ಪುಗಳು ಮುಗಿದಿವೆ. ಗಡ್ಡೆ ಹಾರ್ಮೋನಿಗೆ ಸ್ಪಂದಿಸುವ ಬಗೆಯದಾದ್ದರಿಂದ ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ, ಐದು ವರ್ಷ. ಇದರಲ್ಲೂ ಬೆಳಗೆದ್ದಾಗ ಬೆರಳು, ಮಂಡಿ ಬಿಗಿಯುತ್ತವೆ. ನೋವಿಗೆ ಬೇಸತ್ತು ಮಾತ್ರೆಯನ್ನೇ ನಿಲ್ಲಿಸಿಬಿಡುವವರು ಅನೇಕರಂತೆ. ಕಿರ್ದಿಯನ್ನು ಈಗ ತಾಯಿಯವರೇ ಬರೆಯುತ್ತಾರೆ. ಬೆರಳು ಸಡಿಲವಾಗಬೇಕು, ಆದ್ದರಿಂದ ಬರೆಯುವುದು ಹತ್ತು ಗಂಟೆಯ ಮೇಲೆ.