ಎಷ್ಟು ಗೆರೆಗಳು ಸಾಕು?

ಕಳೆದ ತಿಂಗಳು ಹಳೆಯ ಶಿಷ್ಯರೊಬ್ಬರು ದೂರವಾಣಿಯಲ್ಲಿ ಕೇಳಿದರು: “ಸಾರ್, ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ವಿಡಿಯೊ ಕ್ಯಾಸೆಟ್ಟುಗಳಿವೆ. ದೂರದರ್ಶನದ ಕಾರ್ಯಕ್ರಮಗಳನ್ನು ಅಪ್ಪ ರೆಕಾರ್ಡ್ ಮಾಡಿಟ್ಟುಕೊಂಡಿದ್ದು. ಡಿಸ್ಕಿಗೆ ಹಾಕಿಸೋಣವೆಂದರೆ ಅಂಗಡಿಯವನು ಯಾವ ರೆಸಲ್ಯೂಷನ್ ಬೇಕು ಅಂತ ಕೇಳುತ್ತಾನೆ. ಏನು ಹೇಳಲಿ?” ಗಣಿತ ಕಲಿಸಿದ ತಪ್ಪಿಗೆ ಇಂತಹ ಪ್ರಶ್ನೆಗಳು ಇಂದಿಗೂ ನನ್ನನ್ನು ಹುಡುಕಿಕೊಂಡು ಬರುತ್ತವೆ. ಫೋನಿನಲ್ಲಿ ಹೇಳಿದ್ದನ್ನು ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂತಹ ಪೆಟ್ಟಿಗೆಗಳು ನಿಮ್ಮಲ್ಲಿ ಹಲವರ ಮನೆಗಳಲ್ಲಿಯೂ ಇದ್ದಾವು.

ದೂರದರ್ಶನವು ಬಹುಕಾಲ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಅವುಗಳ ಪೈಕಿ ಕಣ್ಣಿಗೆ ಕಾಣುವ ಚಿತ್ರವನ್ನು ಹೊರುವವು 576. ಸೆಕೆಂಡಿಗೆ ಇಂತಹ 25 ಚಿತ್ರಗಳು. ಆದರೆ ಒಂದೊಂದು ಚಿತ್ರವೂ ಇಡಿಯಾಗಿ ಬರುವುದಿಲ್ಲ, ಎರಡು ಅರ್ಧಗಳಾಗಿ ಬರುತ್ತದೆ: ಒಮ್ಮೆ ಬೆಸಸಂಖ್ಯೆಯ ಗೆರೆಗಳು, ಮತ್ತೊಮ್ಮೆ ಸಮಸಂಖ್ಯೆಯವು. ಹೀಗಾಗಿ ಸೆಕೆಂಡಿಗೆ 50 ಅರ್ಧಚಿತ್ರಗಳು. ಈ ಅರ್ಧದ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎತ್ತರದ ಲೆಕ್ಕ ಇಷ್ಟು ಸುಲಭ. ಅಗಲದ ಲೆಕ್ಕ ಹಾಗಲ್ಲ, ಏಕೆಂದರೆ ಹಳೆಯ ಟೀವಿಯ ಗೆರೆಯಲ್ಲಿ ಬಿಂದುಗಳೇ ಇಲ್ಲ, ಏರಿಳಿಯುವ ಅಲೆ ಮಾತ್ರ. ಒಂದು ಗೆರೆಯ ಚಿತ್ರಭಾಗಕ್ಕೆ ದೊರೆಯುವ ಕಾಲ 52 ಮೈಕ್ರೊಸೆಕೆಂಡು. ಪ್ರಸಾರದ ಚಿತ್ರಸಂಕೇತದ ಮಿತಿ ಸುಮಾರು 5 ಮೆಗಾಹರ್ಟ್ಸ್. ಗುಣಿಸಿದರೆ ಒಂದು ಗೆರೆಯಲ್ಲಿ 260 ಅಲೆಗಳು. ಒಂದು ಅಲೆಗೆ ಒಂದು ಬೆಳಕು, ಒಂದು ಕತ್ತಲೆ ಎಂದು ಹಿಡಿದರೆ 520 ಬಿಂದುಗಳು. ವಿ.ಎಚ್.ಎಸ್. ಕ್ಯಾಸೆಟ್ಟಿನ ಮಿತಿ ಸುಮಾರು 3 ಮೆಗಾಹರ್ಟ್ಸ್ ಮಾತ್ರ, ಅಂದರೆ 312 ಬಿಂದುಗಳು. ಕ್ಯಾಸೆಟ್ಟು ನುಂಗಿಹಾಕುವುದು ಅಗಲದ ವಿವರವನ್ನು. 576 ಗೆರೆಗಳನ್ನು ಅದು ಹಾಗೆಯೇ ಉಳಿಸಿಕೊಳ್ಳುತ್ತದೆ. ಬಹಳ ಮಂದಿ ಇದನ್ನು ಗಮನಿಸುವುದಿಲ್ಲ.

2005ರ ಸುಮಾರಿಗೆ ನಮ್ಮ ಮುಂದೆ ಇದ್ದ ಅಳತೆಗಳು ನಾಲ್ಕು. ವಿ.ಸಿ.ಡಿ.ಗೆ 352×288, ಸೂಪರ್ ವಿ.ಸಿ.ಡಿ.ಗೆ 480×576, ಡಿ.ವಿ.ಡಿ.ಗೆ ಪೂರ್ಣ 720×576, ಮತ್ತು ಡಿ.ವಿ.ಡಿ.ಯೇ ಒಪ್ಪುವ, ಆದರೆ ಅಂಗಡಿಗಳವರು ಬಾಯಿಬಿಟ್ಟು ಹೇಳದ 352×576. ಮೇಲಿನ ಲೆಕ್ಕ ಮಾಡಿದವರಿಗೆ ಈ ಕೊನೆಯದರ ಬೆಲೆ ತಿಳಿಯುತ್ತದೆ. ಕ್ಯಾಸೆಟ್ಟಿನಲ್ಲಿರುವ 312ಕ್ಕೆ 352 ಸಾಕು, ಗೆರೆಗಳೂ ಪೂರ್ತಿ ಉಳಿಯುತ್ತವೆ.

“ದೊಡ್ಡದನ್ನೇ ಆರಿಸಿಬಿಟ್ಟರೆ ಆಯಿತಲ್ಲ” ಎನ್ನುವಿರಿ. ಡಿಸ್ಕಿಗೆ ಹೊಟ್ಟೆ ಎಂಬುದೊಂದಿದೆ. ಒಂದು ಡಿ.ವಿ.ಡಿ.ಯಲ್ಲಿ 470 ಕೋಟಿ ಬೈಟುಗಳು, ಅಂದರೆ 3760 ಕೋಟಿ ಬಿಟ್ಟುಗಳು. ಮೂರು ಗಂಟೆಯ ಕಾರ್ಯಕ್ರಮಕ್ಕೆ ಹಂಚಿದರೆ ಸೆಕೆಂಡಿಗೆ ಸುಮಾರು 35 ಲಕ್ಷ ಬಿಟ್ಟು. ಅಷ್ಟನ್ನೇ 720×576ರ ನಾಲ್ಕು ಲಕ್ಷಕ್ಕೂ ಮಿಕ್ಕ ಬಿಂದುಗಳಿಗೆ ಹಂಚುವುದೂ ಒಂದೇ ಅಲ್ಲ, 352×576ರ ಎರಡು ಲಕ್ಷ ಬಿಂದುಗಳಿಗೆ ಹಂಚುವುದೂ ಒಂದೇ ಅಲ್ಲ. ಒಂದೇ ಪಾತ್ರೆಯ ಅನ್ನವನ್ನು ಇಮ್ಮಡಿ ಎಲೆಗಳಿಗೆ ಬಡಿಸಿದಂತೆ. ಹಸಿದ ಬಿಂದುಗಳು ಪರದೆಯ ಮೇಲೆ ಚೌಕಚೌಕವಾಗಿ ಒಡೆದು ಕಾಣುತ್ತವೆ. ಹಳೆಯ ಕ್ಯಾಸೆಟ್ಟಿನ ‘ಮರಳು’ ಬೇರೆ ಬಿಟ್ಟುಗಳನ್ನು ಕಬಳಿಸುತ್ತದೆ, ಏಕೆಂದರೆ ಯಂತ್ರಕ್ಕೆ ಮರಳು ಯಾವುದು ಮುಖ ಯಾವುದು ಎಂಬ ವಿವೇಕವಿಲ್ಲ.

ಹಾಗಾಗಿ ಆ ದಿನಗಳಲ್ಲಿ ಒಂದೊಂದು ಮುದ್ರಣಕ್ಕೂ ಒಂದೊಂದು ತೀರ್ಮಾನ ಬೇಕಾಗುತ್ತಿತ್ತು. ನಾನು ಮಾಡಿದ ಎರಡನ್ನು ಹೇಳುತ್ತೇನೆ.

ನನ್ನ ಸೋದರಮಾವ ಗಮಕಿಗಳು. ತೊಂಬತ್ತರ ದಶಕದಲ್ಲಿ ಬೆಂಗಳೂರು ದೂರದರ್ಶನದಲ್ಲಿ ಅವರ ಕುಮಾರವ್ಯಾಸ ಭಾರತ ವಾಚನ ಆರು ಕಂತುಗಳಲ್ಲಿ ಪ್ರಸಾರವಾಯಿತು. ಪಕ್ಕದ ಮನೆಯವರ ವಿ.ಸಿ.ಆರ್.ನಲ್ಲಿ ಅದನ್ನು ಮುದ್ರಿಸಿಕೊಂಡೆವು. ಅಂದು ಕೂಡ ಒಂದು ಆಯ್ಕೆ ಇತ್ತೆನ್ನಿ: ಮೂರು ಗಂಟೆಯ ಕ್ಯಾಸೆಟ್ಟನ್ನು ಅರ್ಧ ವೇಗದಲ್ಲಿ ಓಡಿಸಿದರೆ ಆರು ಗಂಟೆ ಹಿಡಿಯುತ್ತಿತ್ತು. ಆದರೆ ಸಾಮಾನ್ಯ ವಿ.ಸಿ.ಆರ್.ನ ಧ್ವನಿ ಟೇಪಿನ ಅಂಚಿನ ಸಣ್ಣ ಪಟ್ಟಿಯಲ್ಲಿ ದಾಖಲಾಗುತ್ತದೆ. ಟೇಪು ನಿಧಾನವಾದರೆ ಮೊದಲು ಮಂಕಾಗುವುದು ಅದೇ. ಮಾವ ಹಟ ಹಿಡಿದು ಪೂರ್ಣ ವೇಗವನ್ನೇ ಇಡಿಸಿದರು. “ನನ್ನ ಮುಖ ಹೇಗಾದರೂ ಬರಲಿ, ಪದ್ಯ ಸರಿಯಾಗಿ ಕೇಳಬೇಕು” ಎಂದಿದ್ದರು.

2003ರಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷಗಳ ಬಳಿಕ ಆ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸಲು ಕುಳಿತಾಗ ಅತ್ತೆಯ ಷರತ್ತು ಒಂದೇ: ಡಿಸ್ಕು ಬದಲಿಸುವ ಗೋಜು ಇರಕೂಡದು, ಒಮ್ಮೆ ಹಾಕಿದರೆ ಕೊನೆಯವರೆಗೂ ನಡೆಯಬೇಕು. ಎಪ್ಪತ್ತು ದಾಟಿದವರ ಮಾತು. ಮೂರು ಗಂಟೆ, ಒಂದೇ ಡಿಸ್ಕು. ಗಮಕದಲ್ಲಿ ವಾಚನಕಾರರು, ವ್ಯಾಖ್ಯಾನಕಾರರು ಇಬ್ಬರೂ ಕುಳಿತೇ ಇರುತ್ತಾರೆ. ಅಲುಗುವುದು ತುಟಿ ಮತ್ತು ಕೈ. 352×576 ಇಟ್ಟೆ. ಉಳಿದ ಬಿಟ್ಟುಗಳಲ್ಲಿ ಸೆಕೆಂಡಿಗೆ 15 ಲಕ್ಷವನ್ನು ಧ್ವನಿಗೇ ಕೊಟ್ಟು, ಅದನ್ನು ಕುಗ್ಗಿಸದೆ ಹಾಗೆಯೇ ಬಿಟ್ಟೆ. ನನ್ನ ಭಾವಮೈದುನ ಇದನ್ನು ಹುಚ್ಚು ಎಂದ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಚಿತ್ರದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇಂಗ್ಲೆಂಡಿನ ಬಿ.ಬಿ.ಸಿ.ಯವರು 1960-70ರ ದಶಕಗಳಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಅನೇಕ ಕಂತುಗಳ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದರು. ಆದರೆ ಕಳೆದುಹೋದ ಕಂತುಗಳ ಧ್ವನಿ ಮಾತ್ರ ಪೂರ್ತಿ ಉಳಿದಿದೆ. ಟೇಪ್ ರೆಕಾರ್ಡರುಗಳನ್ನು ಟೀವಿಯ ಮುಂದಿಟ್ಟ ಸಾಮಾನ್ಯ ವೀಕ್ಷಕರಿಂದಾಗಿ! ಮಾವನಿಗೆ ಈ ಕಥೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಬೀಗುತ್ತಿದ್ದರು.

ಎರಡನೆಯದು 2006ರ ದಸರಾ. ನಮ್ಮ ಶಾಲೆಯ ಬೀಸು ಕಂಸಾಳೆ ತಂಡ ಜಂಬೂಸವಾರಿಯಲ್ಲಿತ್ತು. ನಿಮ್ಮಲ್ಲಿ ಕೆಲವರು ಆ ತಂಡದಲ್ಲಿದ್ದಿರಿ. ಅಂಬಾರಿ ಹೊತ್ತ ಬಲರಾಮ ಬರುವುದಕ್ಕೆ ಬಹಳ ಮೊದಲೇ ನೀವು ಅರಮನೆಯ ಮುಂದೆ ಹಾದುಹೋದಿರಿ. ನಾನು ಮನೆಯಲ್ಲಿ ಕಂಪ್ಯೂಟರಿಗೆ ಟೀವಿ ಟ್ಯೂನರ್ ಕಾರ್ಡ್ ಹಾಕಿ, ವಿದ್ಯುತ್ ಹೋಗದಿರಲೆಂದು ಚಾಮುಂಡಿಯನ್ನು ಪ್ರಾರ್ಥಿಸುತ್ತ ನೇರಪ್ರಸಾರವನ್ನು ಮುದ್ರಿಸುತ್ತಿದ್ದೆ. ಇದೂ ಸುಮಾರು ಮೂರು ಗಂಟೆಯದೇ. ಆದರೆ ಇಲ್ಲಿ ಕ್ಯಾಸೆಟ್ಟಿನ ಅಡ್ಡಿ ಇಲ್ಲ, ತಂತಿಯಲ್ಲಿ ಬರುತ್ತಿರುವುದು 520 ಬಿಂದುಗಳ ವಿವರ. ಅಲ್ಲದೆ ಕಂಸಾಳೆಯೆಂದರೆ ಕುಳಿತು ಓದುವುದಲ್ಲ. ಬಲಗೈಯ ತಾಳ ದಾರದ ತುದಿಯಲ್ಲಿ ತಲೆಯ ಸುತ್ತ, ಬೆನ್ನ ಹಿಂದೆ, ಕಾಲ ಸಂದಿನಲ್ಲಿ ಬೀಸಿ ಬಂದು ಎಡಗೈಯ ಬಟ್ಟಲಿಗೆ ಬಡಿಯುತ್ತದೆ. ವಿ.ಸಿ.ಡಿ.ಯ 288 ಗೆರೆಗಳಿಗೆ ಇಳಿಸಿದರೆ ಎರಡು ಅರ್ಧಚಿತ್ರಗಳಲ್ಲಿ ಒಂದನ್ನು ಎಸೆದಂತೆ. ಸೆಕೆಂಡಿಗೆ 50 ಇದ್ದ ಚಲನೆ 25 ಆಗುತ್ತದೆ. ಬೀಸುವ ತಾಳ ಜಿಗಿದು ಜಿಗಿದು ಹೋಗುತ್ತದೆ. ಆದ್ದರಿಂದ 720×576, ಎರಡು ಡಿಸ್ಕುಗಳು, ಸೆಕೆಂಡಿಗೆ ಸುಮಾರು 70 ಲಕ್ಷ ಬಿಟ್ಟು. “ಅರ್ಧ ನಿಮಿಷದ ಕುಣಿತಕ್ಕೆ ಎರಡು ಡಿಸ್ಕೇ?” ಎಂದು ಮನೆಯವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆ ತಂಡದ ಹುಡುಗನೊಬ್ಬ 2011ರಲ್ಲಿ ರಸ್ತೆ ಅಪಘಾತದಲ್ಲಿ ಹೋದ. ಹೆಸರು ನಿಮಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಮರುವರ್ಷ ಅವನ ತಾಯಿ ಮನೆಗೆ ಬಂದರು. “ಸಾರ್, ಅವತ್ತು ಟೀವಿಲಿ ಬಂದಿದ್ನಲ್ಲ, ಅದು ನಿಮ್ತಾವ ಐತಾ?” ಎಂದರು. ನೋಡಿದ ಮೇಲೆ, ಆ ವೇಷದಲ್ಲಿ ಅವನ ಒಂದು ಫೋಟೊ ಬೇಕೆಂದರು.

ಅವನ ಆಕೃತಿ ಪರದೆಯ ಎತ್ತರದ ಮುಕ್ಕಾಲು ಭಾಗವಿತ್ತು. ಮುಖವು ದೇಹದ ಏಳನೆಯ ಒಂದು ಭಾಗವೆಂದರೆ, 576 ಗೆರೆಗಳಲ್ಲಿ ಅವನ ಮುಖಕ್ಕೆ ಸಿಕ್ಕಿದ್ದು ಅರವತ್ತು ಗೆರೆ. ವಿ.ಸಿ.ಡಿ.ಯಾಗಿದ್ದರೆ ಮೂವತ್ತು. ಮೂವತ್ತು ಗೆರೆಗಳಲ್ಲಿ ಒಬ್ಬ ಹುಡುಗ ಇದ್ದಾನೆಂದು ತಿಳಿಯಬಹುದು, ಯಾವ ಹುಡುಗನೆಂದು ತಾಯಿಗೂ ತಿಳಿಯುವುದು ಕಷ್ಟ. ಅರವತ್ತರಲ್ಲೂ ಒಂದು ತೊಡಕಿತ್ತು. ಕುಣಿಯುವಾಗ ಚಿತ್ರವನ್ನು ನಿಲ್ಲಿಸಿದರೆ ಎರಡು ಅರ್ಧಗಳು ಬೇರೆಬೇರೆ ಕ್ಷಣದವಾದ್ದರಿಂದ ಅಂಚುಗಳು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತವೆ. ಒಂದು ಅರ್ಧವನ್ನು ತೆಗೆದರೆ ಮತ್ತೆ ಮೂವತ್ತೇ. ಅವನು ಅಲುಗದೆ ನಿಂತ ಕ್ಷಣ ಬೇಕಿತ್ತು. ಒಂದು ಸಂಜೆಯೆಲ್ಲ ಒಂದೊಂದೇ ಚಿತ್ರವನ್ನು ಸರಿಸುತ್ತ ಹೋದೆ. ಕೊನೆಯ ಬಡಿತದ ನಂತರ ತಾಳಗಳನ್ನು ಎದೆಗೆ ಹಿಡಿದು ವಂದಿಸಿ ನಿಂತ ಒಂದು ಗಳಿಗೆ ಸಿಕ್ಕಿತು. ಎರಡು ಅರ್ಧಗಳೂ ಕೂಡಿಕೊಂಡವು. ನಗುತ್ತಿದ್ದ. ಅಂಚೆ ಕಾರ್ಡಿಗಿಂತ ಚಿಕ್ಕದಾಗಿ ಮುದ್ರಿಸಿ ಕೊಟ್ಟೆ; ಅದಕ್ಕಿಂತ ಹಿಗ್ಗಿಸಿದರೆ ನಿಲ್ಲುತ್ತಿರಲಿಲ್ಲ.

ಈಗ ಶಿಷ್ಯರ ಪ್ರಶ್ನೆಗೆ ಉತ್ತರ. ಇಂದು ಜಾಗಕ್ಕೆ ಬರವಿಲ್ಲ. ಸಣ್ಣ ಹಾರ್ಡ್ ಡಿಸ್ಕಿನಲ್ಲೇ ನೂರಾರು ಗಂಟೆ ಹಿಡಿಯುತ್ತದೆ. ಆದ್ದರಿಂದ ಕ್ಯಾಸೆಟ್ಟಾದರೂ 720×576ರಲ್ಲಿಯೇ ತೆಗೆಸಿ, 50 ಅರ್ಧಚಿತ್ರಗಳನ್ನು ಬೆಸೆಯದೆ ಹಾಗೆಯೇ ಇಡಿ ಎಂದು ಹೇಳಿ. 1080ಕ್ಕೆ ‘ಎಚ್.ಡಿ.’ ಮಾಡಿಕೊಡುತ್ತೇನೆಂದರೆ ಬೇಡವೆನ್ನಿ; 312 ಬಿಂದುಗಳ ಸರಕು ಎಷ್ಟು ಹಿಗ್ಗಿಸಿದರೂ 312ರದೇ. ಮನೆಯಲ್ಲಿ ಬರೆದ ಡಿ.ವಿ.ಡಿ.ಗಳ ಬಣ್ಣದ ಪದರ ಕಾಲಕ್ರಮೇಣ ಕೆಡುತ್ತದೆ, ಅವನ್ನೂ ಈಗಲೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಎರಡು ಪ್ರತಿ. ಮಾವನ ವಾಚನವನ್ನು ನಾನೂ ಹೀಗೆಯೇ ಇಟ್ಟಿದ್ದೇನೆ.

ರೆಸಲ್ಯೂಷನ್ನಿಗಿಂತ ಅವಸರದ ವಿಷಯವೆಂದರೆ ವಿ.ಸಿ.ಆರ್. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ಸಿಗುವುದಿಲ್ಲ. ನನ್ನದು ಇನ್ನೂ ಓಡುತ್ತಿದೆ. ಮೈಸೂರಿನಲ್ಲಿರುವವರು ಭಾನುವಾರ ಬೆಳಿಗ್ಗೆ ಕ್ಯಾಸೆಟ್ಟು ತರಬಹುದು. ತರುವ ಮುನ್ನ ಅದರ ಕಿಟಕಿಯಲ್ಲಿ ಬೆಳ್ಳಗೆ ಬೂಷ್ಟು ಹಿಡಿದಿದೆಯೇ ನೋಡಿ. ಹಿಡಿದಿದ್ದರೆ ಮೊದಲು ಶುಚಿ ಮಾಡಿಸಬೇಕು, ಹಾಗೆಯೇ ಯಂತ್ರಕ್ಕೆ ಹಾಕಲು ನಾನು ಬಿಡುವುದಿಲ್ಲ.