ತೂತಿಲ್ಲದ ಚರ್ಮ

ಕಮಲಾಪುರದಲ್ಲಿ ಕುಳಿತು ತುಪ್ಪಳದ ವ್ಯಾಪಾರದ ಮಾತೆತ್ತಿದರೆ ಯಾರಿಗಾದರೂ ನಗು ಬಂದೀತು. ಬೇಸಿಗೆಯಲ್ಲಿ ಇಲ್ಲಿಯ ಬಂಡೆಗಳು ರೊಟ್ಟಿಯ ಹಂಚಿನಂತೆ ಕಾಯುತ್ತವೆ. ಮೈಮೇಲಿನ ಅಂಗಿಯೇ ಹೊರೆಯೆನಿಸುವ ಈ ಸೀಮೆಯಲ್ಲಿ ಪ್ರಾಣಿಯ ತುಪ್ಪಳ ಹೊದೆಯುವ ಪುಣ್ಯಾತ್ಮ ಯಾರು? ಅದೇನಿದ್ದರೂ ಹಿಮ ಬೀಳುವ ದೇಶದವರ ದೊಡ್ಡಸ್ತಿಕೆ ಎಂದು ನಾವು ಸುಮ್ಮನಿದ್ದುಬಿಡುತ್ತೇವೆ.

ಆದರೆ ಈ ನೆಲಕ್ಕೆ ರಾಮ ಬಂದದ್ದೇ ಒಂದು ಚರ್ಮದ ದೆಸೆಯಿಂದ. ವಾಲ್ಮೀಕಿಯ ಸೀತೆ ಆ ಹೊನ್ನಿನ ಜಿಂಕೆಯನ್ನು ಜೀವಸಹಿತ ಹಿಡಿದು ತಾ ಎಂದು ಕೇಳಿದಳು, ನಿಜ; ಹಾಗೆ ಸಿಕ್ಕದೆ ಸತ್ತರೆ ಅದರ ಚರ್ಮ ಹಾಸಿ ಕುಳಿತುಕೊಳ್ಳುವ ಆಸೆಯನ್ನೂ ಹೇಳಿದಳು. ರಾಮನಂಥ ರಾಮನೂ ಆ ಚರ್ಮದ ನಯವನ್ನು ಹೊಗಳಿಯೇ ಬಿಲ್ಲೆತ್ತಿದ. ಅದು ಜಿಂಕೆಯಲ್ಲ, ಮಾರೀಚ ಎನ್ನುತ್ತೀರಿ. ಇರಬಹುದು, ಬೇಡುವಾಗ ಸೀತೆಗೆ ಅದು ಜಿಂಕೆಯೇ. ಹಂಪೆಯ ಹೊಳೆದಂಡೆಯಲ್ಲಿ ಸುಗ್ರೀವನ ಗುಹೆಯ ಹತ್ತಿರ ಬಂಡೆಯ ಮೇಲಿನ ಗೆರೆಯನ್ನು ಸೀತೆಯ ಸೆರಗು ಎಂದು ತೋರಿಸುವವರು ಆ ಚರ್ಮದ ಮಾತನ್ನು ಎತ್ತುವುದಿಲ್ಲ. ನಮ್ಮ ವಿರೂಪಾಕ್ಷನು ಉಡುವುದು ಹುಲಿಯ ಚರ್ಮ. ಉಪನಯನದ ವಟುವಿನ ಜನಿವಾರಕ್ಕೆ ಕಟ್ಟುವುದು ಕೃಷ್ಣಾಜಿನದ ತುಂಡು. ಇನ್ನು ಹಿಮದ ದೇಶದವರನ್ನು ಮಾತ್ರ ಏಕೆ ದೂರಬೇಕು?

ಈ ಸೀಮೆಯ ಅತ್ಯಂತ ಚೆಲುವಾದ ತುಪ್ಪಳ ಇರುವುದು ಕಾಡಿನಲ್ಲಲ್ಲ, ಹೊಳೆಯಲ್ಲಿ. ಚಳಿಗಾಲದ ಬೆಳಗಿನಲ್ಲಿ ತಳವಾರಘಟ್ಟದ ಕಡೆ ಹೋಗಿ ಸದ್ದಿಲ್ಲದೆ ಕುಳಿತರೆ, ಅದೃಷ್ಟವಿದ್ದ ದಿನ ನೀರುನಾಯಿಗಳು ಕಾಣುತ್ತವೆ. ತಂದೆ, ತಾಯಿ, ಮರಿಗಳು ಎಲ್ಲ ಒಟ್ಟಾಗಿ ಬರುವ ಸಂಸಾರವಂದಿಗ ಪ್ರಾಣಿ ಅದು. ನೀರಿಗೆ ಹುಟ್ಟಿದ್ದೆಂದು ನಾವು ತಿಳಿದ ಈ ಪ್ರಾಣಿಯ ಮರಿಗೆ ಈಜನ್ನು ತಾಯಿಯೇ ಕಲಿಸಬೇಕು. ಮುಳುಗಿ ಎದ್ದು ಬಂಡೆಯೇರಿ ಒಮ್ಮೆ ಮೈಕೊಡವಿದರೆ ಸಾಕು. ಮೇಲೆ ಉದ್ದ ಕೂದಲು, ಅದರಡಿಯಲ್ಲಿ ಹತ್ತಿಯಂತೆ ಒತ್ತಾದ ಸಣ್ಣ ಕೂದಲು. ನೀರು ಚರ್ಮವನ್ನು ಮುಟ್ಟುವುದೇ ಇಲ್ಲ. ತಿಮಿಂಗಿಲದಂತೆ ಇದಕ್ಕೆ ಕೊಬ್ಬಿನ ಕಂಬಳಿಯಿಲ್ಲ. ತಣ್ಣೀರಿನಲ್ಲಿ ಇದನ್ನು ಬೆಚ್ಚಗಿಡುವುದು ಈ ಕೂದಲೇ. ಮನುಷ್ಯನ ಕಣ್ಣು ಬಿದ್ದದ್ದೂ ಅದರ ಮೇಲೆಯೇ.

ಇದನ್ನು ಹಿಡಿಯುವ ಬಗೆಯನ್ನು ತಿಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ನೀರುನಾಯಿ ಶಿಸ್ತಿನ ಜೀವ. ದಿನವೂ ಅದೇ ದಾರಿಯಲ್ಲಿ ದಂಡೆಯೇರುತ್ತದೆ, ಗೊತ್ತಾದ ಬಂಡೆಯ ಮೇಲೆಯೇ ಹಿಕ್ಕೆ ಹಾಕುತ್ತದೆ. ಒಣಗಿದ ಹಿಕ್ಕೆಯಲ್ಲಿ ಮೀನಿನ ಪೊರೆ ಹೊಳೆಯುವುದರಿಂದ ಗುರುತಿಸುವುದೂ ಸುಲಭ. ಬೇಟೆಗಾರನಿಗೆ ಇಷ್ಟು ಸಾಕು. ಆ ದಾರಿಯಲ್ಲಿ ಹಲ್ಲುಳ್ಳ ಕಬ್ಬಿಣದ ಬೋನನ್ನು ಹೂತಿಡುತ್ತಾನೆ. ಕಾಲಿಟ್ಟೊಡನೆ ಅದು ಕಚ್ಚಿಕೊಳ್ಳುತ್ತದೆ. ಆಮೇಲೆ ಗುಂಡು ಹೊಡೆದು ಮುಗಿಸುವ ದಯೆಯೂ ಇಲ್ಲ. ತೂತು ಬಿದ್ದ ಚರ್ಮಕ್ಕೆ ಬೆಲೆಯಿಲ್ಲವಲ್ಲ! ದೊಣ್ಣೆಯಿಂದ ತಲೆಗೆ ಬಡಿಯುತ್ತಾರೆ. ಬಡಿಯುವವನಿಗೆ ನೀರುನಾಯಿಯ ಮೇಲೆ ಹಗೆಯೇನೂ ಇಲ್ಲ. ಅಖಂಡವಾದ ಚರ್ಮವೇ ಬೇಕೆನ್ನುವವನು ಎಲ್ಲಿಯೋ ದೂರದಲ್ಲಿ ಕುಳಿತಿರುತ್ತಾನೆ. ದೊಣ್ಣೆಯ ಹಿಡಿ ಇರುವುದು ಅವನ ಕೈಯಲ್ಲಿ.

2003ರ ಅಕ್ಟೋಬರಿನಲ್ಲಿ ಟಿಬೆಟ್ಟಿನಲ್ಲಿ ಒಂದೇ ಸಲಕ್ಕೆ 31 ಹುಲಿ, 581 ಚಿರತೆ, 778 ನೀರುನಾಯಿಗಳ ಚರ್ಮ ಅಧಿಕಾರಿಗಳ ಕೈಗೆ ಸಿಕ್ಕಿತು. ಹುಲಿಗಾಗಿ ಲೋಕವೆಲ್ಲ ಮರುಗಿತು, ಮರುಗಬೇಕಾದದ್ದೇ. ಆ 778ಕ್ಕೆ ಅಳುವವರನ್ನು ನಾನು ಹೆಚ್ಚು ಕಾಣೆ. ಭಾರತದ ನದಿಗಳ ನೀರುನಾಯಿ ಹಿಮಾಲಯ ದಾಟಿ ಅಲ್ಲಿಯವರ ಹಬ್ಬದ ನಿಲುವಂಗಿಗೆ ಅಂಚಾಗುತ್ತಿತ್ತು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರದ ಸಮಾರಂಭ ನಡೆಯಿತು. ನಮ್ಮ ತುಂಗಭದ್ರೆ ಕೃಷ್ಣೆಯನ್ನು ಕೂಡಿ ಹರಿದುಹೋಗುವ ದಂಡೆಯೇ ಅದು. ಅಲ್ಲಿ ದಲೈ ಲಾಮಾ ತಮ್ಮ ಜನಕ್ಕೆ ಕಾಡುಪ್ರಾಣಿಗಳ ಚರ್ಮ ತೊಡಬೇಡಿರೆಂದು ಹೇಳಿದರು. ಕೆಲವೇ ವಾರಗಳಲ್ಲಿ ಟಿಬೆಟ್ಟಿನ ಊರೂರುಗಳಲ್ಲಿ ಜನರು ಬೆಲೆಬಾಳುವ ಆ ಉಡುಪುಗಳನ್ನು ಬೀದಿಗೆ ತಂದು ಸುಟ್ಟರು. 1972ರಿಂದಲೇ ನಮ್ಮಲ್ಲಿ ವನ್ಯಜೀವಿ ಕಾನೂನು ಇದ್ದಿತು. ಅದರಿಂದ ಆಗದದ್ದು ಕೊಳ್ಳುವವನು ನಾಚಿಕೊಂಡಾಗ ಆಯಿತು.

ನಮ್ಮ ಹೊಳೆಗೆ 2015ರಲ್ಲಿ ಒಂದು ಭಾಗ್ಯ ಬಂತು. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗೆ 34 ಕಿಲೋಮೀಟರು ನೀರುನಾಯಿಗಳ ಸಂರಕ್ಷಿತ ಪ್ರದೇಶವಾಯಿತು. ದೇಶದಲ್ಲಿ ಇಂಥದು ಇದೇ ಮೊದಲು. ಇಲ್ಲಿ ಅವಕ್ಕೆ ತುಪ್ಪಳದ ವ್ಯಾಪಾರಿಗಿಂತ ಹತ್ತಿರದ ಶತ್ರು ಮೀನಿಗಾಗಿ ನೀರಿಗೆ ಎಸೆಯುವ ಸಿಡಿಮದ್ದು. ಅದು ಮೀನು, ಮರಿ ಎಂದು ನೋಡುವುದಿಲ್ಲ.

ಹರಿಗೋಲು ಹಾಕುವ ಒಬ್ಬ ತಾತನ ಎದುರಿಗೆ ನಾನು ಇದನ್ನೆಲ್ಲ ಆವೇಶದಿಂದ ಹೇಳಿದೆ. ಆತ ಬಲೆ ಹೊಲಿಯುತ್ತಲೇ ಕೇಳಿಸಿಕೊಂಡ.

“ನೀವು ನೋಡಿ ಹಿಗ್ಗತೀರಿ ಮೇಷ್ಟ್ರೇ, ಬಲೆ ಹರಿದಾಗ ಹೊಲಿಯೋನು ನಾನ್ರೀ” ಎಂದ. ಮಾತು ಸರಿಯೇ. ನೀರುನಾಯಿ ಬೇಕೆನ್ನುವ ನಾವು ಆ ಬಲೆಯ ದಾರದ ಖರ್ಚನ್ನೂ ಹೊರಬೇಕೆನ್ನುವವನು ನಾನು.

ಸ್ವಲ್ಪ ಹೊತ್ತು ಬಿಟ್ಟು ಆತನೇ ಕೇಳಿದ: “ಅಲ್ರೀ, ಅದರ ಚರ್ಮ ಸುಲಿದು ಅಂಗಿಗೆ ಅಂಚು ಹಚ್ಚತಾರಂತೀರಿ. ಆ ಊರಾಗ ಬಟ್ಟೆ ಅಂಗಡಿ ಇಲ್ಲೇನ್ರೀ?”